ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ (1978)

ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ 1978ರ ನವೆಂಬರ್ 5ರಂದು ನಡೆದ ಉಪಚುನಾವಣೆ. ಹಿಂದಿನ ವರ್ಷ ರಾಯಬರೇಲಿಯಲ್ಲಿ ಸೋತು ಪ್ರಧಾನಿ ಪದವಿಯನ್ನೂ ಸಂಸತ್ ಸ್ಥಾನವನ್ನೂ ಕಳೆದುಕೊಂಡಿದ್ದ ಇಂದಿರಾ ಗಾಂಧಿ ಇಲ್ಲಿ ಕಾಂಗ್ರೆಸ್ (ಐ) ಅಭ್ಯರ್ಥಿಯಾಗಿ ನಿಂತು 2,49,376 ಮತ ಪಡೆದರು. ಜನತಾ ಪಕ್ಷದ ವೀರೇಂದ್ರ ಪಾಟೀಲರಿಗೆ 1,72,043 ಮತ ಬಂತು. ಗೆಲುವಿನ ಅಂತರ 77,333. ಹೀಗೆ ಆರಿಸಿ ಕಳಿಸಿದ ಪ್ರತಿನಿಧಿಯನ್ನು ಲೋಕಸಭೆ ಅದೇ ಡಿಸೆಂಬರ್ 19ರಂದು ಉಚ್ಚಾಟಿಸಿತು. ಮತದಾನವಾಗಿ 44 ದಿನ ಕಳೆಯುವಷ್ಟರಲ್ಲಿ ಕ್ಷೇತ್ರಕ್ಕೆ ಮತ್ತೆ ಸಂಸದರಿಲ್ಲದಂತಾಯಿತು.

ಈ ಚುನಾವಣೆಯ ಬಗ್ಗೆ ಬರೆದದ್ದರಲ್ಲಿ ಹೆಚ್ಚಿನದು ದೆಹಲಿಯ ಕಡೆಯಿಂದ ನೋಡಿದ್ದು: ಒಬ್ಬ ನಾಯಕಿಯ ಪುನರಾಗಮನದ ಮೊದಲ ಮೆಟ್ಟಿಲು ಎಂಬುದು ಅದರ ಸಾರ. ಅದು ತಪ್ಪಲ್ಲ. ಆದರೆ ಆ ಎರಡೂವರೆ ಲಕ್ಷ ಮತಗಳು ಯಾಕೆ ಬಿದ್ದವು, ಆಮೇಲೆ ಅವುಗಳ ಗತಿ ಏನಾಯಿತು ಎಂಬುದು ಅಷ್ಟೇ ಮುಖ್ಯವಾದ ವಿಷಯ. ಆ ಭಾಗ ಮಾತ್ರ ಎಲ್ಲ ಕಡೆ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ.

ಕ್ಷೇತ್ರ

ಚಿಕ್ಕಮಗಳೂರು ಹೆಸರಿನ ಲೋಕಸಭಾ ಕ್ಷೇತ್ರ 1967ರಿಂದ 2008ರವರೆಗೆ ಅಸ್ತಿತ್ವದಲ್ಲಿತ್ತು. 1978ರಲ್ಲಿ ಜಿಲ್ಲೆಯ ವಿಧಾನಸಭಾ ಕ್ಷೇತ್ರಗಳಾದ ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ಕಡೂರು, ಬೀರೂರು, ತರೀಕೆರೆಗಳ ಜೊತೆಗೆ ಘಟ್ಟದ ಕೆಳಗಿನ ದಕ್ಷಿಣ ಕನ್ನಡದ ಒಂದು ಭಾಗವೂ ಇದಕ್ಕೆ ಸೇರಿತ್ತು. ಒಂದೇ ಕ್ಷೇತ್ರದೊಳಗೆ ಮೂರು ಬೇರೆ ಬೇರೆ ಬದುಕುಗಳಿದ್ದವು. ಕಡೂರು, ತರೀಕೆರೆ ಕಡೆಯದು ತೆಂಗು, ರಾಗಿಯ ಬಯಲು. ಮೂಡಿಗೆರೆ, ಕಳಸ, ಬಾಳೆಹೊನ್ನೂರು, ಕೊಪ್ಪ, ಶೃಂಗೇರಿಗಳದು ಕಾಫಿ, ಏಲಕ್ಕಿ, ಅಡಕೆ, ಗದ್ದೆಯ ಮಲೆನಾಡು. ಘಟ್ಟ ಇಳಿದರೆ ತುಳು ಮಾತಿನ ಸೀಮೆ. ಕಾಫಿ ತೋಟದ ಆಳುಗಳು ವಾಸಿಸುವ ಲೈನುಗಳಲ್ಲಿ ಕನ್ನಡದ ಜೊತೆಗೆ ತಮಿಳೂ ತುಳುವೂ ಕೇಳಿಬರುತ್ತಿದ್ದವು.

ದೆಹಲಿಯ ಸಂಸತ್ತು ಈ ಬೆಟ್ಟಗಳಿಗೆ ದೂರದ ಸಂಗತಿಯಾಗಿರಲಿಲ್ಲ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರ ತನ್ನ ಫಸಲನ್ನು ತಾನೇ ಮಾರುವಂತಿರಲಿಲ್ಲ. ಅದನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಅಧೀನ. ಸಂಸತ್ ಸದಸ್ಯರಿಗೂ ಅದರಲ್ಲಿ ಸ್ಥಾನವಿತ್ತು. 1975ರ ಜುಲೈನಲ್ಲಿ ಬ್ರೆಜಿಲ್‌ನ ಕಾಫಿ ಸೀಮೆಗೆ ಭಾರೀ ಹಿಮ ಬಿದ್ದು, ಮುಂದಿನ ಎರಡು ವರ್ಷ ಜಗತ್ತಿನಾದ್ಯಂತ ಕಾಫಿಯ ಬೆಲೆ ಗಗನಕ್ಕೇರಿತು. ಅದರಲ್ಲಿ ಮೂಡಿಗೆರೆಯ ಬೆಳೆಗಾರನ ಕೈಗೆ ಎಷ್ಟು ಬರಬೇಕು, ಯಾವಾಗ ಬರಬೇಕು ಎಂಬುದು ನಿರ್ಧಾರವಾಗುತ್ತಿದ್ದದ್ದು ಈ ಪೂಲಿನ ಮೂಲಕವೇ. ತೋಟದ ಆಳುಗಳ ವಸತಿ, ಆಸ್ಪತ್ರೆ, ರಜೆಗಳ ನಿಯಮಕ್ಕೂ ಆಧಾರ 1951ರಲ್ಲಿ ಸಂಸತ್ತು ಮಾಡಿದ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ. ಆಗ ಮೂಡಿಗೆರೆ ತಾಲ್ಲೂಕಿಗೇ ಸೇರಿದ್ದ ಕಳಸದ ಬಳಿ, ಇರಾನಿನ ಜೊತೆ 1975ರಲ್ಲಿ ಆದ ಒಪ್ಪಂದದಂತೆ, ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಕಾಮಗಾರಿ ಭರದಿಂದ ಸಾಗಿತ್ತು. ಇಷ್ಟೆಲ್ಲ ಎಳೆಗಳು ಕೇಂದ್ರಕ್ಕೆ ಗಂಟುಬಿದ್ದಿದ್ದ ಗ್ರಾಮೀಣ ಕ್ಷೇತ್ರ ಆಗಿನ ಕರ್ನಾಟಕದಲ್ಲಿ ಅಪರೂಪವೇ.

ಹಿನ್ನೆಲೆ

1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರ ಭಾರತವೆಲ್ಲ ತುರ್ತುಪರಿಸ್ಥಿತಿಯ ವಿರುದ್ಧ ಮತ ಹಾಕಿದಾಗ ಕರ್ನಾಟಕ ಹಾಗೆ ಮಾಡಲಿಲ್ಲ. ಇಲ್ಲಿನ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಬಂದವು. 1978ರ ಜನವರಿಯಲ್ಲಿ ಪಕ್ಷ ಒಡೆಯಿತು. ಇಂದಿರಾ ಬಣದ ಜೊತೆ ನಿಂತ ಡಿ. ದೇವರಾಜ ಅರಸರು ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ ಹೊಸ ಹಸ್ತದ ಗುರುತಿನ ಮೇಲೆ 224ರಲ್ಲಿ 149 ಸ್ಥಾನ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಆಜಂಗಢದ ಉಪಚುನಾವಣೆಯನ್ನು ಮೊಹ್ಸಿನಾ ಕಿದ್ವಾಯಿ ಗೆದ್ದರು. ಗಾಳಿ ತಿರುಗುತ್ತಿದೆ ಎಂಬ ಸೂಚನೆ ಸಿಕ್ಕಿತ್ತಾದರೂ ಇಂದಿರಾ ಗಾಂಧಿಯವರಿಗೆ ಖಚಿತವಾಗಿ ಗೆಲ್ಲುವ ಸ್ಥಾನ ಬೇಕಿತ್ತು. ಅರಸರ ಕರ್ನಾಟಕಕ್ಕಿಂತ ಭದ್ರವಾದ ನೆಲ ಇರಲಿಲ್ಲ.

ಚಿಕ್ಕಮಗಳೂರನ್ನು 1971 ಮತ್ತು 1977ರಲ್ಲಿ ಗೆದ್ದಿದ್ದವರು ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು. ಅವರು ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿದರು. ಎರಡು ಸಲ ಗೆದ್ದ ಕ್ಷೇತ್ರವನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಮುಂದೆ ಅವರು ವಿಧಾನ ಪರಿಷತ್ತಿಗೆ ಬಂದರು, 1983ರಿಂದ 1985ರವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದರು, ರಾಜ್ಯಸಭೆಯನ್ನೂ ಕಂಡರು. ನಾಲ್ಕೂ ಸದನಗಳಲ್ಲಿ ಕೂತ ಕೆಲವೇ ಕನ್ನಡಿಗರಲ್ಲಿ ಒಬ್ಬರು. 2023ರ ನವೆಂಬರ್ 7ರಂದು ದಾರದಹಳ್ಳಿಯಲ್ಲಿಯೇ ತೀರಿಕೊಂಡರು. 1978ರ ಕಥೆ ಬಂದಾಗಲೆಲ್ಲ ಅವರ ಹೆಸರು ‘ಸ್ಥಾನ ಬಿಟ್ಟುಕೊಟ್ಟವರು’ ಎಂಬ ಒಂದೇ ಗುರುತಿನಿಂದ ಬರುವುದು ಅವರಿಗೆ ಆಗುವ ಅನ್ಯಾಯ.

ಅಲಹಾಬಾದಿನಲ್ಲಿ ಹುಟ್ಟಿ ದೆಹಲಿಯಲ್ಲಿ ನೆಲೆಸಿದವರು ಮಲೆನಾಡನ್ನು ಪ್ರತಿನಿಧಿಸಬಹುದೆ ಎಂಬ ಪ್ರಶ್ನೆ ಆಗ ಎದ್ದೇ ಏಳುವಂಥದ್ದು. ಕಾನೂನಿನಲ್ಲಿ ಅಡ್ಡಿಯಿಲ್ಲ. 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಯ ಪ್ರಕಾರ ದೇಶದ ಯಾವುದೇ ಲೋಕಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಇನ್ನಾವುದೇ ಸಾಮಾನ್ಯ ಕ್ಷೇತ್ರದಿಂದ ಸ್ಪರ್ಧಿಸಬಹುದು. ರಾಜ್ಯಸಭೆಗೆ ಆಗ ಹೀಗಿರಲಿಲ್ಲ. ಆಯಾ ರಾಜ್ಯದ ಮತದಾರರೇ ಆಗಿರಬೇಕಿತ್ತು, ಆ ಷರತ್ತು ಹೋದದ್ದು 2003ರಲ್ಲಿ. ಅಮೆರಿಕದ ಸಂವಿಧಾನವಾದರೋ ಪ್ರತಿನಿಧಿ ಸಭೆಗೆ ನಿಲ್ಲುವವರು ಆ ರಾಜ್ಯದ ನಿವಾಸಿಯೇ ಆಗಿರಬೇಕೆಂದು ಹೇಳುತ್ತದೆ. ಲೋಕಸಭೆಯ ಸದಸ್ಯ ಇಡೀ ದೇಶಕ್ಕೆ ಮಾತಾಡುವವನು ಎಂಬ ಭಾವನೆ ನಮ್ಮ ನಿಯಮದ ಹಿಂದಿದೆ. ಎದುರಾಳಿ ವೀರೇಂದ್ರ ಪಾಟೀಲರೂ ಈ ಕ್ಷೇತ್ರದವರಲ್ಲ, ಚಿಂಚೋಳಿಯವರು. 1968ರಿಂದ 1971ರವರೆಗೆ ಮುಖ್ಯಮಂತ್ರಿಯಾಗಿದ್ದ, ಸಜ್ಜನರೆಂದು ಹೆಸರಾದ ನಾಯಕರು.

ಪ್ರಚಾರ

ಜನತಾ ಪಕ್ಷದ ಪರವಾಗಿ ಪ್ರಚಾರಕ್ಕೆ ನಿಂತವರಲ್ಲಿ ಮುಂಚೂಣಿಯಲ್ಲಿದ್ದವರು ಕೇಂದ್ರದ ಕೈಗಾರಿಕಾ ಸಚಿವ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ ಕಂಡಿದ್ದ ಅವರಿಗೆ ಇದು ಹೃದಯದ ಹೋರಾಟವಾಗಿತ್ತು. ಇಂದಿರಾ ಅವರನ್ನು ಹೆಡೆ ಎತ್ತಿದ ಹಾವಿಗೆ ಹೋಲಿಸುವ ಭಿತ್ತಿಪತ್ರಗಳು ಗೋಡೆ ಗೋಡೆಯ ಮೇಲೆ ಕಾಣಿಸಿಕೊಂಡವು. ಡಾ. ರಾಜ್‌ಕುಮಾರ್ ಅವರನ್ನು ಇಂದಿರಾ ವಿರುದ್ಧ ನಿಲ್ಲಿಸುವ ಪ್ರಯತ್ನವೂ ನಡೆಯಿತು. ರಾಜಕೀಯದ ಸಹವಾಸ ಬೇಡವೆಂದು ಅವರು ದೂರವೇ ಉಳಿದರು.

ಕಾಂಗ್ರೆಸ್ (ಐ) ಕಡೆ ಅರಸರೇ ದಂಡನಾಯಕ, ಎಫ್.ಎಂ. ಖಾನ್ ಮೊದಲಾದವರು ಓಡಾಟದ ಹೊಣೆ ಹೊತ್ತರು. ಒಂದು ಸಿಂಹಿಣಿಗೆ ನೂರು ಮುಸುವಗಳು ಎದುರಾಗಿವೆ ಎಂಬರ್ಥದ ಹಿಂದಿ ಪ್ರಾಸದ ಘೋಷಣೆ ಚಿಕ್ಕಮಗಳೂರಿನ ಹೆಸರನ್ನು ಉತ್ತರ ಭಾರತದ ಬೀದಿ ಬೀದಿಗೆ ಒಯ್ದಿತು. ಅದು ಹೊರಗಿನ ಕಿವಿಗಾಗಿ ಹೊಸೆದದ್ದು. ಕಳಸದ, ಕೊಪ್ಪದ, ತರೀಕೆರೆಯ ಮತದಾರರಿಗೆ ಅದರ ಅಗತ್ಯವಿರಲಿಲ್ಲ. ಅವರ ಲೆಕ್ಕ ಬೇರೆಯೇ ಇತ್ತು.

ಆ ಲೆಕ್ಕದ ಮೂಲ 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ. ಗೇಣಿಗೆ ಹಾಕಿದ ಜಮೀನೆಲ್ಲ ಆ ದಿನದಿಂದ ಸರ್ಕಾರದ ವಶವಾಯಿತು. ಉಳುತ್ತಿದ್ದ ಗೇಣಿದಾರ ಫಾರಂ ನಂಬರ್ 7ರಲ್ಲಿ ಡಿಕ್ಲರೇಷನ್ ಕೊಟ್ಟು, ತಾಲ್ಲೂಕು ಮಟ್ಟದ ಭೂ ನ್ಯಾಯಮಂಡಳಿಯ ಮುಂದೆ ತನ್ನ ಹಕ್ಕನ್ನು ಸ್ಥಾಪಿಸಬೇಕಿತ್ತು. ಅರ್ಜಿ ಹಾಕಲು ಕೊನೆಯ ದಿನ ಮುಂದಕ್ಕೆ ಹೋಗುತ್ತ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಅಂದರೆ ಉಪಚುನಾವಣೆಯ ಹೊತ್ತಿಗೆ ನ್ಯಾಯಮಂಡಳಿಗಳ ಕೆಲಸ ನಡೆಯುತ್ತಲೇ ಇತ್ತು. ಕೆಲವರ ಕೈಯಲ್ಲಿ ಆದೇಶ, ಕೆಲವರ ಕೈಯಲ್ಲಿ ಇನ್ನೂ ಅರ್ಜಿ. ಮಲೆನಾಡಿನ ಗದ್ದೆ, ಅಡಕೆ ತೋಟಗಳಲ್ಲಿ ಮತ್ತು ಘಟ್ಟದ ಕೆಳಗೆ ಗೇಣಿ ಪದ್ಧತಿ ಆಳವಾಗಿ ಬೇರುಬಿಟ್ಟಿದ್ದರಿಂದ ಈ ಕಾನೂನು ಮನೆಮನೆಯ ಮಾತಾಗಿತ್ತು. ಇದರ ಜೊತೆಗೆ ಜೀತ ವಿಮುಕ್ತಿ, ಋಣ ಪರಿಹಾರ, ಬಡವರಿಗೆ ಮನೆ ನಿವೇಶನ, ಹಾವನೂರು ಆಯೋಗದ ನಂತರದ ಹಿಂದುಳಿದ ವರ್ಗಗಳ ಮೀಸಲಾತಿ. ಇವೆಲ್ಲ ಅರಸರ ಕೆಲಸ. ಹೆಸರು ಮಾತ್ರ ಬಹುಪಾಲು ಇಂದಿರಮ್ಮನದು. ಉಳುವ ಕುಟುಂಬಗಳಿಗೆ ಈ ಇಬ್ಬರನ್ನು ಬೇರೆ ಮಾಡಿ ನೋಡುವ ಕಾರಣ ಆಗಿನ್ನೂ ಬಂದಿರಲಿಲ್ಲ.

ಕಾಫಿ ತೋಟಗಳ ಮಾತೇ ಬೇರೆ. ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಚಹಾ ತೋಟಗಳನ್ನು ಪ್ಲಾಂಟೇಷನ್ ಎಂದು ಕರೆದು ಭೂಮಿತಿಯಿಂದ ಹೊರಗಿಡಲಾಗಿತ್ತು. ದೊಡ್ಡ ತೋಟ ದೊಡ್ಡದಾಗಿಯೇ ಉಳಿಯಿತು, ಲೈನಿನಲ್ಲಿದ್ದ ಆಳು ಲೈನಿನಲ್ಲೇ ಉಳಿದ. ಅವನಿಗೆ ಕೊಡಲು ಫಾರಂ 7 ಇರಲಿಲ್ಲ. ಹಾಗಾಗಿ ಈ ಚುನಾವಣೆಯನ್ನು ಭೂಸುಧಾರಣೆಯೊಂದರಿಂದಲೇ ವಿವರಿಸಿ ಮುಗಿಸಲಾಗದು. ಆದರೂ ಕೂಲಿಯವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇಂದಿರಾ ಗಾಂಧಿಯವರ ಮೇಲಿನ ಅಭಿಮಾನ ಗಾಢವಾಗಿತ್ತು. ಅದನ್ನು ಮುಗ್ಧತೆ ಎಂದು ತಳ್ಳಿಹಾಕಿದವರು ಇದ್ದಾರೆ. ಬ್ಯಾಂಕ್ ರಾಷ್ಟ್ರೀಕರಣದಿಂದ ಇಪ್ಪತ್ತು ಅಂಶಗಳ ಕಾರ್ಯಕ್ರಮದವರೆಗೆ, ಸರ್ಕಾರ ತಮ್ಮನ್ನು ಮೊದಲ ಸಲ ಹೆಸರಿಟ್ಟು ಕರೆದದ್ದನ್ನು ಆ ಜನ ಮರೆಯಲಿಲ್ಲ ಎನ್ನುವುದೇ ಹೆಚ್ಚು ನ್ಯಾಯವಾದ ಮಾತು. ತುರ್ತುಪರಿಸ್ಥಿತಿಯ ಸೆರೆವಾಸ, ಸೆನ್ಸಾರ್, ಬಲವಂತದ ಸಂತಾನಶಕ್ತಿಹರಣ ಉತ್ತರದಷ್ಟು ಕ್ರೂರವಾಗಿ ಇಲ್ಲಿ ತಟ್ಟಿರಲಿಲ್ಲ ಎಂಬುದನ್ನೂ ಇದರ ಪಕ್ಕದಲ್ಲೇ ಇಡಬೇಕು. ಫರ್ನಾಂಡಿಸರು ಹೇಳಿದ ಸಂಕಟ ನಿಜವಾದದ್ದು. ಕೇಳಿದವರ ಅನುಭವಕ್ಕೆ ಅದು ಬಂದಿರಲಿಲ್ಲ.

ಮತದಾನ ಕಾಗದದ ಮತಪತ್ರದಲ್ಲಿ ನಡೆಯಿತು. ಮತದಾನದ ವಯಸ್ಸು ಆಗ 21. ಒಂದು ಕಡೆ ಹಸ್ತ, ಇನ್ನೊಂದು ಕಡೆ ಚಕ್ರದೊಳಗೆ ನೇಗಿಲು ಹೊತ್ತ ರೈತ. ಅರೇಬಿಕಾ ಕೊಯ್ಲು ಇನ್ನೇನು ಶುರುವಾಗಬೇಕಿದ್ದ ಕಾಲ ಅದು.

ಉಚ್ಚಾಟನೆ

ಇಂದಿರಾ ಗಾಂಧಿ ನವೆಂಬರ್ 20ರಂದು ಲೋಕಸಭೆಯಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಸಮರ್ ಗುಹಾ ಅಧ್ಯಕ್ಷತೆಯ ಹಕ್ಕುಬಾಧ್ಯತಾ ಸಮಿತಿಯ ವರದಿ ಅಷ್ಟರಲ್ಲಿ ಸಿದ್ಧವಾಗಿತ್ತು. ಹಿಂದಿನ ಲೋಕಸಭೆಯಲ್ಲಿ ಮಾರುತಿ ಕಂಪನಿಯ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಸಂಗ್ರಹಿಸುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಅಡ್ಡಿಪಡಿಸಿ, ಅವರ ಮೇಲೆ ಮೊಕದ್ದಮೆ ಹೂಡಿಸಿ ಕಿರುಕುಳ ಕೊಡಲಾಯಿತು, ಇದು ಸದನದ ಹಕ್ಕುಚ್ಯುತಿ ಎಂಬುದು ಅದರ ತೀರ್ಮಾನ. ಡಿಸೆಂಬರ್ 19ರಂದು ಸದನ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಸೆರೆಗೆ ಕಳಿಸಿತು. ತಿಹಾರ್ ಜೈಲಿನಿಂದ ಅವರು ಹೊರಬಂದದ್ದು 26ರಂದು. ನಡುವೆ, 20ರಂದು, ಅವರ ಬಿಡುಗಡೆಗೆ ಒತ್ತಾಯಿಸಿ ಇಬ್ಬರು ಯುವಕರು ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದನ್ನೇ ಅಪಹರಿಸಿದರು.

ಆಗ ಸಭಾಧ್ಯಕ್ಷ ಪೀಠದಲ್ಲಿದ್ದವರು ಕುದುರೆಮುಖ ಬೆಟ್ಟದ ಸಾಲಿನಾಚೆ ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಹುಟ್ಟಿದ ಕೆ.ಎಸ್. ಹೆಗ್ಡೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದಾಗ 1973ರಲ್ಲಿ ಇಂದಿರಾ ಸರ್ಕಾರ ತಮ್ಮ ಹಿರಿತನವನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಹೊರಬಂದ ಮೂವರಲ್ಲಿ ಅವರೊಬ್ಬರು. 1977ರಲ್ಲಿ ಕರ್ನಾಟಕದಿಂದ ಗೆದ್ದ ಇಬ್ಬರು ಜನತಾ ಸದಸ್ಯರಲ್ಲೂ ಒಬ್ಬರು.

ಸದಸ್ಯರನ್ನು ಹೊರಹಾಕುವ ಅಧಿಕಾರ ಸದನಕ್ಕಿದೆಯೆ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಸ್ಪಷ್ಟ ಉತ್ತರ ಬಂದದ್ದು 2007ರಲ್ಲಿ, ರಾಜಾ ರಾಮ್ ಪಾಲ್ ಮೊಕದ್ದಮೆಯಲ್ಲಿ. ಇದೆ, ಆದರೆ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟು ಎಂದು ಅದು ಹೇಳಿತು. 1978ರ ಪ್ರಸಂಗದಲ್ಲಿ ಇನ್ನೊಂದು ತೊಡಕಿತ್ತು. ಆಪಾದಿತ ತಪ್ಪು ನಡೆದದ್ದು ಹಿಂದಿನ ಲೋಕಸಭೆಯ ಕಾಲದಲ್ಲಿ, ಅವರು ರಾಯಬರೇಲಿಯನ್ನು ಪ್ರತಿನಿಧಿಸುತ್ತಿದ್ದಾಗ. ಶಿಕ್ಷೆಯಿಂದ ಸ್ಥಾನ ಕಳೆದುಕೊಂಡದ್ದು ಚಿಕ್ಕಮಗಳೂರು. ಅಧಿಕಾರಿಗಳನ್ನು ಬೆದರಿಸುವುದು ಗಂಭೀರ ಅಪರಾಧ, ಅದನ್ನು ವಿಚಾರಿಸಲು ನ್ಯಾಯಾಲಯಗಳಿದ್ದವು. ಆಗಷ್ಟೇ ಮತ ಹಾಕಿ ಬಂದ ಕ್ಷೇತ್ರದ ತೀರ್ಪನ್ನು ಸದನದ ಬಹುಮತ ಅಳಿಸಿಹಾಕಿದ್ದು ಆಡಳಿತ ಪಕ್ಷದ ದೊಡ್ಡ ತಪ್ಪು ಹೆಜ್ಜೆ. ಆ ಪಕ್ಷದೊಳಗೇ ಹಲವರಿಗೆ ಮುಂದೆ ಹಾಗೆ ಅನ್ನಿಸಿತು. ಏಳನೆಯ ಲೋಕಸಭೆ 1981ರ ಮೇ 7ರಂದು ಈ ನಿರ್ಣಯವನ್ನು ರದ್ದುಪಡಿಸಿತು. ಆಗ ಸದನದಲ್ಲಿ ಬಹುಮತ ಇಂದಿರಾ ಅವರದೇ ಆಗಿತ್ತು.

ನಂತರ

1979ರ ಜೂನ್‌ನಲ್ಲಿ ಅರಸರು ಕಾಂಗ್ರೆಸ್ (ಐ)ನಿಂದ ಹೊರಬಿದ್ದರು. ಚಂದ್ರೇಗೌಡರೂ ಅವರ ಜೊತೆ ನಡೆದರು. 1980ರ ಜನವರಿಯ ಚುನಾವಣೆಯಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಮರಳಲಿಲ್ಲ. ರಾಯಬರೇಲಿ, ಮೇದಕ್ ಎರಡರಲ್ಲೂ ಗೆದ್ದು ಮೇದಕ್ ಉಳಿಸಿಕೊಂಡರು. ಇಲ್ಲಿ ಅವರ ಪಕ್ಷದ ಡಿ.ಎಂ. ಪುಟ್ಟೇಗೌಡರು ಗೆದ್ದರು. ಸೋತಿದ್ದ ವೀರೇಂದ್ರ ಪಾಟೀಲರು ಅಷ್ಟರಲ್ಲಿ ಅದೇ ಪಕ್ಷ ಸೇರಿ ಬಾಗಲಕೋಟೆಯಿಂದ ಲೋಕಸಭೆಗೆ ಹೋದರು, 1989ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. 1999ರಲ್ಲಿ ಸೋನಿಯಾ ಗಾಂಧಿ ಬಳ್ಳಾರಿಯಲ್ಲಿ ಸುಷ್ಮಾ ಸ್ವರಾಜ್ ವಿರುದ್ಧ ನಿಂತಾಗ ಚಿಕ್ಕಮಗಳೂರಿನ ನೆನಪು ಎಲ್ಲರ ಬಾಯಲ್ಲೂ ಬಂತು. ಅವರೂ ಗೆದ್ದು, ಅಮೇಠಿಯನ್ನು ಇಟ್ಟುಕೊಂಡು ಬಳ್ಳಾರಿಯನ್ನು ಬಿಟ್ಟರು.

ಕ್ಷೇತ್ರದ ಒಲವೂ ನಿಧಾನವಾಗಿ ಬದಲಾಯಿತು. ಡಿ.ಕೆ. ತಾರಾದೇವಿ ಕಾಂಗ್ರೆಸ್ಸಿನಿಂದ, 1996ರಲ್ಲಿ ಬಿ.ಎಲ್. ಶಂಕರ್ ಜನತಾ ದಳದಿಂದ ಗೆದ್ದರು. 1998ರಿಂದ ಸತತ ಮೂರು ಬಾರಿ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ ಆರಿಸಿಬಂದರು. ಈ ಅವಧಿಯಲ್ಲೇ ಕಾಫಿಯ ಪೂಲ್ ವ್ಯವಸ್ಥೆ 1996ರಲ್ಲಿ ಪೂರ್ತಿ ಕೊನೆಗೊಂಡು, ಬೆಳೆಗಾರ ತನ್ನ ಫಸಲನ್ನು ಮುಕ್ತ ಮಾರುಕಟ್ಟೆಯಲ್ಲಿ ಮಾರುವಂತಾಯಿತು. 2008ರ ಪುನರ್ವಿಂಗಡಣೆಯಲ್ಲಿ ಕಡೂರು ಹಾಸನಕ್ಕೆ ಹೋಯಿತು. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಗಳು ಕುಂದಾಪುರ, ಉಡುಪಿ, ಕಾಪು, ಕಾರ್ಕಳಗಳ ಜೊತೆ ಸೇರಿ ಉಡುಪಿ-ಚಿಕ್ಕಮಗಳೂರು ಕ್ಷೇತ್ರವಾಯಿತು. ಹೊಸ ಕ್ಷೇತ್ರದಿಂದ 2009ರಲ್ಲಿ ಡಿ.ವಿ. ಸದಾನಂದ ಗೌಡ, ಅವರು ಮುಖ್ಯಮಂತ್ರಿಯಾದ ಮೇಲೆ 2012ರ ಉಪಚುನಾವಣೆಯಲ್ಲಿ ಕೆ. ಜಯಪ್ರಕಾಶ್ ಹೆಗ್ಡೆ, 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ ಲೋಕಸಭೆಗೆ ಹೋಗಿದ್ದಾರೆ.