ಪಾನಕದ ಲೋಟದಲ್ಲಿ ಐದರ ಲೆಕ್ಕ

ಹಂಗಾರಕಟ್ಟೆಯಲ್ಲಿ ದೋಣಿ ಕಾಯುತ್ತಿದ್ದೆ. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಪರಿಚಯದ ಮನೆಯ ಅಮ್ಮ "ಆಸ್ರಿಗೆ ಎಂತ ಬೇಕ್?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಂದು ಲೋಟ ಪಾನಕ ತಂದಿತ್ತರು. ನೀರು, ಬೆಲ್ಲ, ಲಿಂಬೆರಸ, ಏಲಕ್ಕಿ, ಕಾಳುಮೆಣಸು. ಎಣಿಸಿದರೆ ಐದು!

ಐದು ಎಂದೊಡನೆ ನೆನಪಾದವನು ಜಾನ್ ಫ್ರೈಯರ್. 1670ರ ದಶಕದಲ್ಲಿ ನಮ್ಮ ಕಾರವಾರ, ಗೋಕರ್ಣಗಳನ್ನೂ ಕಂಡಿದ್ದ ಇಂಗ್ಲಿಷ್ ವೈದ್ಯ. ಈ ಕರಾವಳಿಯ ಇಂಗ್ಲಿಷರು ಗೋವೆಯ ಸಾರಾಯಿಯಿಂದ 'ಪಂಚ್' ಎಂಬ ಪಾನೀಯ ಮಾಡುತ್ತಾರೆ, ಐದು ವಸ್ತುಗಳು ಸೇರುವುದರಿಂದ ಆ ಹೆಸರು ಎಂದು 1698ರಲ್ಲಿ ಅಚ್ಚಾದ ಗ್ರಂಥದಲ್ಲಿ ಅವನು ಬರೆದ. ಸಾರಾಯಿ, ಸಕ್ಕರೆ, ಲಿಂಬೆ, ನೀರು, ಸಾಂಬಾರ ಪದಾರ್ಥ ಎಂಬುದು ಸಾಮಾನ್ಯವಾಗಿ ಹೇಳುವ ಪಟ್ಟಿ. ಕಾಳುಮೆಣಸನ್ನು ಬಿಟ್ಟು ಸಾರಾಯಿ ಸುರಿದರೆ ನಮ್ಮ ಪಾನಕವೇ ಪಂಚ್.

ಈ ವ್ಯುತ್ಪತ್ತಿಯನ್ನು ಎಲ್ಲರೂ ಒಪ್ಪುವುದಿಲ್ಲ. ಹಡಗಿನ ಪೀಪಾಯಿಗಿದ್ದ 'ಪಂಚನ್' ಎಂಬ ಹೆಸರೇ ಮೂಲವೆನ್ನುವವರಿದ್ದಾರೆ. 1638ರಲ್ಲಿ ಸೂರತ್ತಿಗೆ ಬಂದ ಜರ್ಮನ್ ಪ್ರವಾಸಿ ಮಾಂಡೆಲ್ಸ್‌ಲೋ ಹೇಳುವ ಪಂಚಿನಲ್ಲಿ ಸಾರಾಯಿ, ಪನ್ನೀರು, ಲಿಂಬೆ, ಸಕ್ಕರೆ ಎಂದು ನಾಲ್ಕೇ ವಸ್ತುಗಳು. ಹೆಸರಿನ ಜಗಳ ಹಾಗಿರಲಿ, ಸಾಮಗ್ರಿಯ ಸಾಕ್ಷ್ಯ ನೋಡೋಣ. 1342ರ ಸುಮಾರಿಗೆ ಇಬ್ನ್ ಬತೂತ 'ಫಾಕನೂರ್', ಎಂದರೆ ಪಕ್ಕದ ಬಾರಕೂರಿಗೆ ಬಂದಾಗ ಮೆಚ್ಚಿ ಬರೆದದ್ದು ಇಲ್ಲಿನ ಕಬ್ಬನ್ನು. ತೆಂಗಿನ ಕಳ್ಳು ಕಾಯಿಸಿ ಇಳಿಸಿದರೆ ಸಾರಾಯಿ. ಮೆಣಸು, ಏಲಕ್ಕಿ ಘಟ್ಟದಿಂದ ಇಳಿಯುತ್ತಿದ್ದವು. ಇಂಗ್ಲಿಷರ ಪತ್ರವೊಂದರಲ್ಲಿ ಪಂಚಿನ ಹೆಸರು ಮೊದಲು ಸಿಗುವುದು 1632ರಲ್ಲಿ, ಅದೂ ಭಾರತದಿಂದ ಬರೆದ ಪತ್ರದಲ್ಲಿ. ಅಮೆರಿಕದ ಪತ್ರಿಕೆಯೊಂದು 'ಕಾಕ್‌ಟೇಲ್' ಎಂದರೇನೆಂದು ವಿವರಿಸಿದ್ದು 1806ರಲ್ಲಿ.

ಪಾನಕ ಇವೆಲ್ಲಕ್ಕೂ ಹಿರಿಯ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೇ ಪಾನಕಗಳ ಮಾತಿದೆ. ಪಂಚ್ ಅದರ ಮಗುವೆಂದು ಸಾಧಿಸಲಾಗದು. ಒಂದೇ ಅಡುಗೆಮನೆಯ ಸಾಮಾನೆಂದು ಹೇಳಬಹುದು.

ಕರ್ನಾಟಕದಲ್ಲಿ ಸಾರಾಯಿ 2007ರ ಜುಲೈ 1ರಿಂದ ನಿಷಿದ್ಧ. ಎಷ್ಟೋ ಮನೆ ಮುರಿದ ಅದಕ್ಕಾಗಿ ಮರುಗಬೇಕಿಲ್ಲ. ಆದರೆ ಪರದೇಶದವನು ಹೊಸದೆಂದು ಬರೆದಿಟ್ಟ ಪಂಚ್ ಲೋಕವೆಲ್ಲ ಸುತ್ತಿತು. ದಿನವೂ ಕುಡಿಯುವುದೆಂದು ನಾವು ಬರೆದಿಡದ ಪಾನಕ ರಾಮನವಮಿಗಷ್ಟೇ ಉಳಿಯುತ್ತಿದೆ. ಅಳತೆ ಕೇಳಿದರೆ ಅಮ್ಮ ನಕ್ಕರು: "ಅಳತೆ ಎಂತದ್ದು? ಕೈಯೇ ಹೇಳ್ತದೆ." ಆ ಕೈಗಳಿರುವಾಗಲೇ ಯಾರಾದರೂ ಬರೆದುಕೊಳ್ಳಬೇಕು.