ಕೋರಿಯೊಕಾರ್ಸಿನೋಮ

ಗ್ರೀಕಿನ ‘ಕೋರಿಯೊನ್’ ಎಂದರೆ ಹೊಟ್ಟೆಯೊಳಗಿನ ಶಿಶುವನ್ನು ಸುತ್ತಿದ ಹೊರಪೊರೆ. ‘ಕಾರ್ಕಿನೋಸ್’ ಎಂದರೆ ಏಡಿ. ಕ್ಯಾನ್ಸರಿಗೆ ನಮ್ಮಲ್ಲಿ ‘ಏಡಿಗಂತಿ’ ಎನ್ನುವುದೂ ಆ ಏಡಿಯಿಂದಲೇ. ಬಸಿರಿನ ಅಂಗಾಂಶದಿಂದಲೇ ಹುಟ್ಟಿ ಶ್ವಾಸಕೋಶಕ್ಕೆ ಬೇಗ ಹಬ್ಬುವ ಈ ಅಪರೂಪದ ಕ್ಯಾನ್ಸರ್ ಹೆರಿಗೆ, ಗರ್ಭಪಾತ, ಅದರಲ್ಲೂ ದ್ರಾಕ್ಷಿಗೊಂಚಲಿನಂತೆ ಗುಳ್ಳೆಗಟ್ಟುವ ಮೋಲಾರ್ ಗರ್ಭದ ಬಳಿಕ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳನ್ನು ಕಾಡುತ್ತದೆ. ನಿಲ್ಲದ ರಕ್ತಸ್ರಾವವನ್ನು ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಎಂದು ದಯವಿಟ್ಟು ತಳ್ಳಿಹಾಕಬೇಡಿ. ರಕ್ತದಲ್ಲಿನ ಬಸಿರಿನ ಹಾರ್ಮೋನ್ ಎಚ್‌ಸಿಜಿಯ ಪರೀಕ್ಷೆ ಸುಳಿವು ಕೊಡುತ್ತದೆ. ಈ ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟ್ ಎಂಬ ಔಷಧಿ ನಾಟುತ್ತದೆಂದು ಅಮೆರಿಕದ ವೈದ್ಯರಾದ ಮಿನ್ ಚಿಯು ಲೀ, ರಾಯ್ ಹರ್ಟ್ಜ್ 1956ರಲ್ಲಿ ವರದಿ ಮಾಡಿದರು. ಆ ಔಷಧಿಯ ಹಿಂದೆ ನಮ್ಮ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ತಂಡದ ದುಡಿಮೆಯಿದೆ. ಗುಣವಾದವರಲ್ಲಿ ಎಷ್ಟೋ ಮಂದಿ ಮತ್ತೆ ತಾಯಂದಿರಾಗಿದ್ದಾರೆ.