ಬೀದರಿನ ಹವೆ, ಭಾಲ್ಕಿಯ ಕಡಲೆ

ಶಿವರಾತ್ರಿಗೆ ಇನ್ನೂ ಒಂದು ವಾರವಿತ್ತು. ಬೀದರಿಗೆ ಹೊರಟಿದ್ದೇನೆ ಎಂದೊಡನೆ ಮನೆಯವರು ಒಂದು ಉಣ್ಣೆಯ ಶಾಲು, ಒಂದು ಸ್ವೆಟರು, ಕಿವಿಗೆ ಸುತ್ತಿಕೊಳ್ಳಲು ಒಂದು ಮಫ್ಲರು, ಇಷ್ಟನ್ನೂ ಪೆಟ್ಟಿಗೆಯೊಳಕ್ಕೆ ತುರುಕಿದರು. ಉತ್ತರ ಕರ್ನಾಟಕದಲ್ಲಿ ಚಳಿಗೆ ಹೆಸರಾದ ಊರು ಅದು. ಶಿವರಾತ್ರಿಯ ದಿನ ಚಳಿ 'ಶಿವ ಶಿವಾ' ಎನ್ನುತ್ತ ಓಡುತ್ತದೆಂಬ ಮಾತು ನಿಜ. ಆದರೆ ಓಡುವ ಮುನ್ನ ಒಮ್ಮೆ ತಿರುಗಿ ಕಚ್ಚುತ್ತದೆಂಬುದು ಅವರ ಅನುಭವ.

ಬೆಳಗಿನ ಜಾವ ರೈಲಿನಿಂದಿಳಿದಾಗ ನಾನು ಶಾಲು ಹೊದ್ದು ಸಿದ್ಧನಾಗಿದ್ದೆ. ಆದರೆ ಚಳಿಯೇ ಇಲ್ಲ! ಆಕಾಶದಲ್ಲಿ ಹಂಜಿಯಂಥ ತೆಳು ಮೋಡ. ಮೈಗೆ ಹಿತವಾದ ಗಾಳಿ. ಸೂರ್ಯ ಬಂದ ಮೇಲೂ ಬಿಸಿಲು ಚುರುಗುಟ್ಟಲಿಲ್ಲ. ಅಂದಿನಿಂದ ಒಂದು ವಾರವೂ ಹೀಗೆಯೇ ಕಳೆಯಿತು. ಶಾಲು ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲೇ ಉಳಿಯಿತು. ಹೊಸದಾಗಿ ಬಂದವನಿಗೆ ಇದಕ್ಕಿಂತ ಸುಖವಾದ ವಾರ ಬೇರೆ ಬೇಕೆ? "ಎಂಥ ಹವೆಯಪ್ಪ ನಿಮ್ಮೂರಿನದು!" ಎಂದು ನಾನು ಇಳಿದುಕೊಂಡಿದ್ದ ಮನೆಯ ಮಿತ್ರರೊಡನೆ ದಿನಕ್ಕೆರಡು ಸಲವಾದರೂ ಹೇಳುತ್ತಿದ್ದೆ. ಅವರು ಮುಗುಳ್ನಕ್ಕು ಸುಮ್ಮನಾಗುತ್ತಿದ್ದರು. ಆ ಮೌನಕ್ಕೆ ಕಾರಣ ನನಗೆ ತಿಳಿದುದು ನಾಲ್ಕು ದಿನಗಳ ಮೇಲೆ, ಭಾಲ್ಕಿಯಲ್ಲಿ.

ಬೀದರಿನ ಹವೆಯನ್ನು ಹೊಗಳಿದವರಲ್ಲಿ ನಾನು ಮೊದಲಿನವನೇನೂ ಅಲ್ಲ. ಅದಕ್ಕೊಂದು ದೊಡ್ಡ ಪರಂಪರೆಯೇ ಉಂಟು. ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫೆರಿಸ್ತಾ, ಬೀದರಿನ ನೆಲವನ್ನೂ ಗಾಳಿಯನ್ನೂ ಬಾಯಿತುಂಬ ಕೊಂಡಾಡಿದ್ದಾನೆ. ಬಹಮನಿ ಸುಲ್ತಾನ ಅಹಮದ ಶಹ ಬೇಟೆಗೆಂದು ಈ ಕಡೆ ಬಂದನಂತೆ. ಬೇಟೆನಾಯಿ ಅಟ್ಟಿಸಿಕೊಂಡು ಹೋದ ನರಿಯೊಂದು ಓಡುವುದನ್ನು ಬಿಟ್ಟು ತಿರುಗಿ ನಿಂತು ನಾಯಿಯ ಮೇಲೆಯೇ ಬಿದ್ದಿತಂತೆ. ನರಿಗೂ ಧೈರ್ಯ ಕೊಡುವ ಈ ನೆಲ, ಈ ಗಾಳಿ ರಾಜಧಾನಿಗೆ ತಕ್ಕದ್ದೆಂದು ಸುಲ್ತಾನ ನಿಶ್ಚಯಿಸಿದನಂತೆ. ಹಂಪೆಯ ವಿಷಯದಲ್ಲಿ ನಾವು ಕೇಳುವ ಮೊಲ ಮತ್ತು ನಾಯಿಯ ಕಥೆಗೆ ಇದು ಅಣ್ಣನೋ ತಮ್ಮನೋ ಆಗಬೇಕು. ರಾಜಧಾನಿ ಕಟ್ಟುವವರಿಗೆ ಇಂಥದೊಂದು ಪ್ರಾಣಿ ಎಲ್ಲಿಯಾದರೂ ಸಿಕ್ಕಿಯೇ ಸಿಗುತ್ತದೆ!

ಕಥೆಯನ್ನು ಬದಿಗಿಟ್ಟು ಲೆಕ್ಕ ನೋಡೋಣ. ಬೀದರು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಹಳೆಯ ರಾಜಧಾನಿ ಕಲಬುರಗಿ ಸುಮಾರು 1,500 ಅಡಿ. ನಡುವಿನ ಅಂತರ ಏಳು ನೂರು ಅಡಿ. ಇಷ್ಟು ಏರಿದರೆ ಹವೆ ಸಾಮಾನ್ಯವಾಗಿ ಒಂದೂವರೆ ಡಿಗ್ರಿ ಸೆಲ್ಸಿಯಸ್ಸಿನಷ್ಟು ತಣ್ಣಗಾದೀತು, ಅಷ್ಟೆ. ಒಂದೂವರೆ ಡಿಗ್ರಿಗಾಗಿ ಯಾವ ಸುಲ್ತಾನನೂ ಸಿಂಹಾಸನವನ್ನು ಗಾಡಿಗೆ ಹೇರುವುದಿಲ್ಲ. ಅಹಮದ ಶಹ ಪಟ್ಟವೇರಿದ್ದು 1422ರಲ್ಲಿ, ಅಣ್ಣ ಫಿರೋಜ ಶಹನನ್ನು ಕೆಳಗಿಳಿಸಿ. ಕಲಬುರಗಿಯ ಅರಮನೆಯಲ್ಲಿ ಹಳೆಯ ಪಕ್ಷಗಳಿದ್ದವು, ಹಳೆಯ ದ್ವೇಷಗಳಿದ್ದವು. ಬೀದರು ರಾಜ್ಯದ ನಡುವಿಗೆ ಇನ್ನಷ್ಟು ಹತ್ತಿರ. ತೆಲಂಗಾಣದ ಮೇಲೆ ಕಣ್ಣಿಡಲು ಅನುಕೂಲ. ಪ್ರಸ್ಥಭೂಮಿಯ ಅಂಚಿನಲ್ಲಿ ನೆಲ ಥಟ್ಟನೆ ಕೆಳಗಿಳಿಯುವುದರಿಂದ ಕೋಟೆಗೆ ಹೇಳಿ ಮಾಡಿಸಿದ ಜಾಗ. ರಾಜಧಾನಿ ಬದಲಾದ ವರ್ಷವನ್ನು ಒಬ್ಬರು 1424 ಎನ್ನುತ್ತಾರೆ, ಇನ್ನೊಬ್ಬರು 1432ಕ್ಕೆ ತರುತ್ತಾರೆ. ಕೋಟೆಯೊಳಗಿನ ಹದಿನಾರು ಕಂಬದ ಮಸೀದಿಯ ಶಾಸನ 1423-24ರದು. ಎಂದರೆ ಇದು ಬೇಟೆಯ ದಿನದ ಹುಮ್ಮಸ್ಸಿನಲ್ಲಿ ಆದುದಲ್ಲ; ವರ್ಷಗಟ್ಟಲೆ ಯೋಚಿಸಿ ಮಾಡಿದ ಕೆಲಸ.

ಗಾಳಿಗಿಂತ ಮುಖ್ಯವಾದುದು ನೀರು. ಬೀದರು ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಕಲ್ಲಿನ ಮೇಲೆ. ಆ ಕಲ್ಲು ರಂಧ್ರಮಯ. ಮಳೆಯ ನೀರನ್ನು ಸ್ಪಂಜಿನಂತೆ ಹೀರುತ್ತದೆ. ಅದರ ಕೆಳಗೆ ಗಟ್ಟಿಯಾದ ಕರಿಕಲ್ಲು. ಇಳಿದ ನೀರು ಅಲ್ಲಿ ತಡೆದು, ಎರಡು ಕಲ್ಲುಗಳೂ ಕೂಡುವೆಡೆಯಲ್ಲಿ ಝರಿಯಾಗಿ ಹೊರಬೀಳುತ್ತದೆ. ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯಬೇಕಾದ ನರಸಿಂಹ ಝರಣಿ, ಸಿಖ್ಖರ ಪವಿತ್ರ ಕ್ಷೇತ್ರವಾದ ನಾನಕ ಝೀರಾ, ಎರಡೂ ಇಂಥ ಒರತೆಗಳೇ. ಬಹಮನಿಗಳ ಕಾಲದಲ್ಲಿ ಪರ್ಷಿಯದ ವಿದ್ಯೆ ಬಲ್ಲವರು ನೌಬಾದಿನಲ್ಲಿ ನೆಲದೊಳಗೆ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂಥ ಗವಾಕ್ಷಿಗಳನ್ನು ಬಿಟ್ಟು ನೀರನ್ನು ಹರಿಸಿದರು. 'ಕರೇಜ್' ಎಂದು ಅದರ ಹೆಸರು. ಬೀದರಿನ ಹವೆ ಒಳ್ಳೆಯದೆಂದು ಹೊಗಳಿದವರು ಈ ನೀರಿಗೂ ಅರ್ಧ ಹೊಗಳಿಕೆ ಕೊಡಬೇಕಾಗಿತ್ತು.

ಇಲ್ಲಿನ ಚಳಿಗಾಲವನ್ನು ಪೂರ್ತಿಯಾಗಿ ಕಳೆದ ಪರದೇಶಿಯೊಬ್ಬನ ನೆನಪಾಗುತ್ತದೆ. ಅವನು ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಸುಮಾರಿನಲ್ಲಿ ಕುದುರೆಯೊಂದನ್ನು ಮಾರಲೆಂದು ತಂದು ದಖ್ಖನಿನಲ್ಲೆಲ್ಲ ಅಲೆದವನು. ನವೆಂಬರ್ ಹೊತ್ತಿಗೆ ಬೀದರಿಗೆ ಬಂದು, ಕ್ರಿಸ್‌ಮಸ್ಸಿನ ವೇಳೆಗೆ ಕುದುರೆಯನ್ನು ಮಾರಿ, ಕ್ರೈಸ್ತರ ವಸಂತದ ದೊಡ್ಡ ಉಪವಾಸ ಹತ್ತಿರವಾಗುವವರೆಗೂ ಇಲ್ಲಿಯೇ ಇದ್ದ. ನಮ್ಮ ಲೆಕ್ಕದಲ್ಲಿ ಇದು ಸರಿಯಾಗಿ ಚಳಿಗಾಲ. ಆದರೆ ತಮಾಷೆ ನೋಡಿ: ನಿಕಿತಿನ್ ಈ ತಿಂಗಳುಗಳನ್ನು ಚಳಿಗಾಲವೆಂದು ಎಣಿಸಲೇ ಇಲ್ಲ. ಈ ದೇಶದ ಚಳಿಗಾಲವೆಂದು ಅವನು ಬರೆದುದು ನಾಲ್ಕು ತಿಂಗಳು ಎಲ್ಲೆಲ್ಲೂ ನೀರು, ಕೆಸರು ತುಂಬಿರುವ ಮಳೆಗಾಲವನ್ನು! ವೋಲ್ಗಾ ನದಿ ಹೆಪ್ಪುಗಟ್ಟುವುದನ್ನು ಕಂಡವನಿಗೆ ನಮ್ಮ ಪುಷ್ಯಮಾಸ ಯಾವ ಲೆಕ್ಕ? ಹೊರ್ಮುಜಿನ ಬೆಂಕಿಯಂಥ ಸೆಖೆಯನ್ನು ಉಂಡು ಬಂದವನಾದ್ದರಿಂದ ಇಲ್ಲಿ ಅತಿಯಾದ ಸೆಖೆಯಿಲ್ಲವೆಂದೂ ಬರೆದ. ಅಂತೂ ಅವನ ಪಾಲಿಗೆ ಬೀದರಿನಲ್ಲಿ ಚಳಿಯೂ ಇಲ್ಲ, ಸೆಖೆಯೂ ಇಲ್ಲ. ಹವೆ ಎಂಬುದು ಅರ್ಧ ಆಕಾಶದ್ದು, ಇನ್ನರ್ಧ ಅದನ್ನು ಅನುಭವಿಸುವವನದು.

ಆದರೆ ಅದೇ ನಿಕಿತಿನ್ ಇನ್ನೊಂದು ಮಾತನ್ನೂ ಬರೆದಿಟ್ಟಿದ್ದಾನೆ: ಈ ದೇಶದಲ್ಲಿ ಜನ ಬಹಳ, ಹಳ್ಳಿಗರು ಕಡುಬಡವರು, ಅಮೀರರು ಬಹು ಸಿರಿವಂತರು ಎಂದು. ಇದನ್ನು ಹಿಂದೆಯೂ ಓದಿದ್ದೆ. ಇದಕ್ಕೂ ಹವೆಗೂ ಸಂಬಂಧವುಂಟೆಂದು ಮಾತ್ರ ನನಗೆ ಹೊಳೆದಿರಲಿಲ್ಲ.

ನಾಲ್ಕನೆಯ ದಿನ ಮಿತ್ರರು ತಮ್ಮ ಚಿಕ್ಕಪ್ಪನ ಹೊಲ ತೋರಿಸುತ್ತೇನೆಂದು ರೈಲಿನಲ್ಲಿ ಭಾಲ್ಕಿಗೆ ಕರೆದೊಯ್ದರು. ಬೀದರಿನ ಕೆಂಪು ನೆಲ ಹಿಂದಾಗಿ ಕಪ್ಪು ಎರೆ ಆರಂಭವಾಗುತ್ತದೆ. ಇಲ್ಲಿ ಹಿಂಗಾರಿಯ ಬೆಳೆಗೆ ಮಳೆಯ ಹಂಗು ಕಡಿಮೆ. ಎರೆಯ ಒಡಲಲ್ಲಿ ಉಳಿದ ತೇವ, ರಾತ್ರಿಯ ಥಂಡಿ, ಇವೆರಡರಿಂದಲೇ ಜೋಳ, ಕಡಲೆ, ಕುಸುಬೆ, ಗೋಧಿ ಬೆಳೆಯಬೇಕು. ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯ ಜನರೆಲ್ಲ ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಪೂಜೆ ಮಾಡುವುದು ಈ ಬೆಳೆಗಾಗಿಯೇ.

ಕಡಲೆಯ ರಾಶಿ ಮುಗಿದಿತ್ತು. "ಕಾಕಾ, ಇವರು ಬೆಂಗಳೂರಿನವರು. ನಮ್ಮ ಹವಾ ಭಾಳ ಛಲೋ ಅದ ಅಂತಾರ" ಎಂದು ಮಿತ್ರರು ನನ್ನನ್ನು ಪರಿಚಯಿಸಿದರು. ಎಪ್ಪತ್ತರ ಹಿರಿಯರು ನಕ್ಕು, ಒಂದು ಹಿಡಿ ಕಡಲೆಯನ್ನೆತ್ತಿ ನನ್ನ ಅಂಗೈಗೆ ಸುರಿದರು. ಕಾಳು ಸಣ್ಣ, ಕೆಲವು ಮುರುಟಿದ್ದವು.

"ನಿಮಗ ಛಲೋ ಅನಸ್ತದ ಸಾಹೇಬ್ರ, ಖರೆ ಅದ. ಕಡ್ಲಿಗಿ ಥಂಡಿ ಬೇಕ್ರಿ. ಈ ಸಲ ಥಂಡಿನೇ ಬೀಳ್ಳಿಲ್ಲ. ಈಗ ನೋಡ್ರಿ, ಮ್ವಾಡ ಬ್ಯಾರೆ ಕುಂತಾವ. ಜ್ವಾಳ ಇನ್ನಾ ಹೊಲದಾಗ ನಿಂತದ" ಎಂದರು.

ನಾನು ಹೊಗಳುತ್ತಿದ್ದ ಮೋಡವನ್ನು ಅವರು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ವಿಷಯ ಇಷ್ಟೆ: ಆಕಾಶ ತಿಳಿಯಾಗಿದ್ದರೆ ಹಗಲೆಲ್ಲ ಕಾದ ನೆಲ ರಾತ್ರಿ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಬಂಗಾಳ ಕೊಲ್ಲಿಯ ಕಡೆಯಿಂದ ತೇವದ ಗಾಳಿ ಬಂದು ಮೋಡ ಮುಸುಕಿದರೆ ಅದು ನೆಲಕ್ಕೆ ಹೊದಿಸಿದ ಕಂಬಳಿ. ಶಾಖ ಹೊರಗೆ ಹೋಗದು, ಥಂಡಿ ಬೀಳದು. ಬೆಚ್ಚಗಿನ ರಾತ್ರಿಗಳಲ್ಲಿ ಬೆಳೆ ಅವಸರದಿಂದ ಬಲಿತು ಕಾಳು ತುಂಬುವುದಕ್ಕೆ ಸಮಯ ಸಾಲದು. ಮೋಡದ ಹವೆಯಲ್ಲಿ ಕಡಲೆಗೆ ಕಾಯಿಕೊರಕ ಹುಳದ ಕಾಟ, ಮಾವಿನ ಹೂವಿಗೆ ಬೂದಿರೋಗದ ಭಯ. ಮೋಡ ಇನ್ನಷ್ಟು ಬಲಿತರೆ ಆಲಿಕಲ್ಲು. 2014ರ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಮಹಾರಾಷ್ಟ್ರದಿಂದ ಈ ಕಡೆಯವರೆಗೂ ಆಲಿಕಲ್ಲಿನ ಮಳೆ ಸುರಿದು ನಿಂತ ಬೆಳೆಯನ್ನು ನೆಲಕ್ಕೆ ಹಾಸಿದ್ದನ್ನು ಇಲ್ಲಿನವರು ಇನ್ನೂ ಮರೆತಿಲ್ಲ. ಮಿತ್ರರ ಮುಗುಳ್ನಗೆಯ ಅರ್ಥ ಆಗ ನನಗಾಯಿತು.

ಮರುದಿನ ಮಾಂಜ್ರಾ ನದಿಯನ್ನು ದಾಟಿ ಔರಾದಿಗೆ ಹೋದೆವು. ಅಲ್ಲಿ ಅಮರೇಶ್ವರನ ಜಾತ್ರೆಗೆ ಸಿದ್ಧತೆ ನಡೆದಿತ್ತು. ಶಿವರಾತ್ರಿಯ ಸುಮಾರಿನ ಈ ಜಾತ್ರೆಗೆ ಈ ಸೀಮೆಯ ಹೆಮ್ಮೆಯಾದ ದೇವಣಿ ತಳಿಯ ದನಗಳು ಬರುತ್ತವೆ: ಬಿಳಿಯ ಮೈಯ ಮೇಲೆ ಕಪ್ಪು ಮಚ್ಚೆಗಳು, ಜೋಲುವ ಕಿವಿ, ಗಂಭೀರವಾದ ನಡಿಗೆ. ಗುಡಿಯ ಮುಂದೆ ಕುಳಿತವರ ಮಾತಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಲೆತಿದ್ದವು. ವಿಷಯ ಮಾತ್ರ ಒಂದೇ, ಮೋಡ. 1956ರಲ್ಲಿ ಹಳೆಯ ಬೀದರ ಜಿಲ್ಲೆಯನ್ನು ಹಂಚಿ ಉದಗೀರ ಕಡೆಯದನ್ನು ಒಂದು ರಾಜ್ಯಕ್ಕೆ, ಜಹೀರಾಬಾದು ಕಡೆಯದನ್ನು ಇನ್ನೊಂದಕ್ಕೆ ಕೊಟ್ಟರು. ಮೋಡಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಕೊನೆಯ ದಿನ ಬೀದರಿಗೆ ಹಿಂದಿರುಗಿ, ಸಂಜೆ ಅಷ್ಟೂರಿನ ಗುಮ್ಮಟಗಳನ್ನು ನೋಡಲು ಹೋದೆ. 1882ರಲ್ಲಿ ಸಿಡಿಲು ಬಡಿದು ಸೀಳಿದ ಹುಮಾಯೂನನ ಗೋರಿ ಅರ್ಧ ಕಡಿದ ಹಣ್ಣಿನಂತೆ ನಿಂತಿದೆ. ಅದರಾಚೆ 1436ರಲ್ಲಿ ತೀರಿಕೊಂಡ ಅಹಮದ ಶಹನ ಗೋರಿ. ಒಳಗಿನ ಗುಮ್ಮಟದ ಬಣ್ಣ, ಬಂಗಾರ, ಬರಹ ಮಂದವಾದ ಬೆಳಕಿನಲ್ಲೂ ಹೊಳೆಯುತ್ತಿದ್ದವು.

ಈ ಸುಲ್ತಾನನಿಗೆ 'ವಲಿ', ಎಂದರೆ ಸಂತ, ಎಂಬ ಹೆಸರು ಬಂದುದು ಹೇಗೆ? ಅವನು ಗೆದ್ದ ಯುದ್ಧದಿಂದಲ್ಲ. ಬೀದರಿನ ಹವೆಯನ್ನು ಮೆಚ್ಚಿದ್ದರಿಂದಲೂ ಅಲ್ಲ. ಪಟ್ಟಕ್ಕೆ ಬಂದ ಹೊಸತರಲ್ಲಿ ಮಳೆ ಹೋಗಿ ನಾಡು ತತ್ತರಿಸಿತು. ಸುಲ್ತಾನ ಜನರೆದುರು ದಿಬ್ಬವೊಂದನ್ನೇರಿ ಮಳೆಗಾಗಿ ಪ್ರಾರ್ಥಿಸಿದ. ಮೋಡ ಕವಿದು ಮಳೆ ಸುರಿಯಿತು. ಜನ ಅವನನ್ನು ವಲಿ ಎಂದು ಕರೆದರು. ಫೆರಿಸ್ತಾ ಹೇಳುವ ಕಥೆ ಇದು. ನಡೆದುದು ಎಷ್ಟೋ, ಕೂಡಿಸಿದುದು ಎಷ್ಟೋ; ಆದರೆ ಜನ ತಮ್ಮ ದೊರೆಯಲ್ಲಿ ಏನನ್ನು ನೆನಪಿಡಲು ಬಯಸಿದರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅವನ ನಂತರದವರ ಕಾಲದಲ್ಲಿ, 1470ರ ದಶಕದಲ್ಲಿ, ಎರಡು ವರ್ಷ ಮಳೆಯಿಲ್ಲದೆ ದಖ್ಖನಿನಲ್ಲಿ ಘೋರ ಕ್ಷಾಮ ಬಂತು. ಅದೇ ದಶಕದಲ್ಲಿ, 1472ರಲ್ಲಿ, ಮಹಮೂದ್ ಗವಾನನ ಮದರಸಾ ಎದ್ದಿತು. ಮದರಸಾ ನಮಗೆ ಗೊತ್ತು. ಕ್ಷಾಮವನ್ನು ಹುಡುಕಿ ಓದಬೇಕು.

ಅಹಮದ ಶಹನ ಉರುಸು ಇಂದಿಗೂ ನಡೆಯುತ್ತದೆ. ಕಲಬುರಗಿ ಸೀಮೆಯ ಮಾಡಿಯಾಳದಿಂದ ಜಂಗಮರು ಪರಿವಾರದೊಡನೆ ಬಂದು ಅದರ ಮುಂದಾಳಾಗುತ್ತಾರೆ. ಲಿಂಗವಂತ ಭಕ್ತರಿಗೆ ಅವನು ಅಲ್ಲಮಪ್ರಭುವಿನ ಅವತಾರ, ಮುಸಲ್ಮಾನರಿಗೆ ವಲಿ. ನನ್ನನ್ನು ಬೆರಗುಗೊಳಿಸಿದುದು ಇನ್ನೊಂದು ಸಂಗತಿ. ಹಿಜರಿ ವರ್ಷ ಸೌರ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆಯಾದುದರಿಂದ ಅದರ ಹಬ್ಬಗಳು ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ಈ ಉರುಸು ಮಾತ್ರ ಹಾಗೆ ಸುತ್ತುವುದಿಲ್ಲ. ಇದನ್ನು ನಮ್ಮ ಪಂಚಾಂಗದಂತೆ ಹೋಳಿಯ ದಿನದಿಂದ ಎಣಿಸುತ್ತಾರೆ. ಆದ್ದರಿಂದ ಅದು ಪ್ರತಿ ವರ್ಷವೂ ಥಂಡಿ ಹೋಗಿ, ರಾಶಿ ಮುಗಿದು, ರೈತನ ಕೈ ಬಿಡುವಾಗುವ ಕಾಲಕ್ಕೇ ಬರುತ್ತದೆ. ಮಳೆ ತಂದ ದೊರೆಯನ್ನು ಒಕ್ಕಲು ಮಕ್ಕಳು ಚಂದ್ರನ ಕೈಗೆ ಬಿಡದೆ ತಮ್ಮ ಹೊಲದ ಋತುವಿಗೆ ಕಟ್ಟಿಹಾಕಿಕೊಂಡಿದ್ದಾರೆ.

ಗ್ರಂಥಗಳಲ್ಲಿ ಬೀದರಿನ ಹವೆ ಎಂದಿರುವುದು ಅರಮನೆಯ ಮಾಳಿಗೆಯಲ್ಲಿ ಕುಳಿತವನ ಹವೆ. ನಾನು ಹೊಗಳುತ್ತಿದ್ದುದೂ ಅದನ್ನೇ. ಅದೇ ಆಕಾಶದ ಕೆಳಗೆ ಇನ್ನೊಂದು ಹವೆಯಿದೆ. ಅದರ ಚರಿತ್ರೆಯನ್ನು ಯಾವ ಆಸ್ಥಾನಕವಿಯೂ ಬರೆಯಲಿಲ್ಲ. ಅದು ಎಳ್ಳ ಅಮಾವಾಸ್ಯೆಯಲ್ಲಿ, ಅಮರೇಶ್ವರನ ಜಾತ್ರೆಯಲ್ಲಿ, ಅಷ್ಟೂರಿನ ಉರುಸಿನಲ್ಲಿ ಉಳಿದುಕೊಂಡಿದೆ.

ಆ ರಾತ್ರಿ ಊರಿಗೆ ಹೊರಟೆ. ರೈಲು ಬಿಡುವ ಹೊತ್ತಿಗೆ ಮೋಡ ಸರಿದು ನಾಲ್ಕಾರು ಚುಕ್ಕೆಗಳು ಕಂಡವು. ಕಿಟಕಿಯಿಂದ ಸಣ್ಣಗೆ ಚಳಿಗಾಳಿ ಸುಳಿಯಿತು. ಬೀಳ್ಕೊಡಲು ಬಂದಿದ್ದ ಮಿತ್ರರು ಆಕಾಶ ನೋಡಿ, "ಇನ್ನ ನಾಕ್ ದಿನ ಹಿಂಗೇ ಇದ್ರ ಕಾಕಾನ ಜ್ವಾಳ ಉಳೀತದ" ಎಂದರು. ನಾನು ಪೆಟ್ಟಿಗೆ ತೆರೆದು ಶಾಲನ್ನು ಹೊರಕ್ಕೆ ತೆಗೆದೆ. ಆ ವಾರದಲ್ಲಿ ಮೊದಲ ಸಲ ಚಳಿಯಾದುದಕ್ಕೆ ಸಂತೋಷವಾಯಿತು.